ಟಿಪ್ಸ್ ಬದಿಗಿಡಿ, ಸ್ಟೀವರ್ಡ್‌ಗಳ ವರದಿ ತೆರೆಯಿರಿ

ಪ್ರಶ್ನೆ: ನಾನು ದಾವಣಗೆರೆಯ ವಿನೋಬನಗರದಲ್ಲಿರುವ ನಿವೃತ್ತ ನೌಕರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ರೇಸ್ ಕೋರ್ಸ್‌ಗೆ ಹೋಗಿ ಕುದುರೆಗಳನ್ನು ನೋಡುವ ಅಭ್ಯಾಸವಿತ್ತು. ಹಣ ಕಟ್ಟುವ ಆಸೆ ಈಗಿಲ್ಲ, ಕುದುರೆಯ ಮೇಲಿನ ಪ್ರೀತಿ ಮಾತ್ರ ಹೋಗಿಲ್ಲ. ಮೊಬೈಲ್‌ನಲ್ಲಿ ಹುಡುಕಿದರೆ ಯಾವ ಕುದುರೆ ಗೆಲ್ಲುತ್ತದೆ ಎಂಬ ಟಿಪ್ಸ್ ಮಾರುವವರೇ ಎದುರಾಗುತ್ತಾರೆ. ನಂಬಬಹುದಾದ, ಉಚಿತವಾದ ಜಾಲತಾಣಗಳು ಯಾವುವು? ಹಿಂದೆ ನೋಡಿದ ಕುದುರೆಗಳ ವಂಶಾವಳಿ ಸಿಗುತ್ತದೆಯೇ? ಹೊರದೇಶದ ರೇಸ್‌ಗಳನ್ನು ಅನುಸರಿಸುವುದು ಹೇಗೆ? ಪರಿಚಿತರೊಬ್ಬರು ಹಣ ಕೊಟ್ಟು ವಾಟ್ಸ್‌ಆ್ಯಪ್ ಗುಂಪೊಂದಕ್ಕೆ ಸೇರಿ ಎಂದು ಒತ್ತಾಯಿಸುತ್ತಿದ್ದಾರೆ. ಸೇರಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದಕ್ಕೆ ತಡಮಾಡಬಾರದು. ಆ ಗುಂಪಿಗೆ ಸೇರಬೇಡಿ, ಒಂದು ರೂಪಾಯಿಯನ್ನೂ ಕಳುಹಿಸಬೇಡಿ. ಇಂಥ ಗುಂಪುಗಳು ನಡೆಯುವ ಬಗೆ ತಿಳಿದರೆ ನೀವಾಗಿಯೇ ದೂರ ಸರಿಯುತ್ತೀರಿ. ಎಂಟು ಕುದುರೆಗಳ ರೇಸ್ ಇದೆ ಎಂದುಕೊಳ್ಳಿ. ಗುಂಪು ನಡೆಸುವವನ ಬಳಿ ಎಂಟುನೂರು ಜನರ ಮೊಬೈಲ್ ಸಂಖ್ಯೆಗಳಿವೆ. ಅವರನ್ನು ನೂರು ನೂರರಂತೆ ಎಂಟು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಕುದುರೆಯ ಹೆಸರು ಕಳುಹಿಸುತ್ತಾನೆ. ಯಾವ ಕುದುರೆ ಗೆದ್ದರೂ ನೂರು ಜನರ ಪಾಲಿಗೆ ಅವನ ಮಾತು ನಿಜವಾಗಿರುತ್ತದೆ. ಮರುವಾರ ಆ ನೂರು ಜನರಿಗೆ ಮಾತ್ರ ಇದೇ ಆಟ. ಎರಡನೆಯ ಬಾರಿಯೂ ಮಾತು ಫಲಿಸಿದ್ದನ್ನು ಕಂಡ ಹನ್ನೆರಡು ಹದಿಮೂರು ಮಂದಿ 'ಒಳಗಿನ ಸುದ್ದಿ'ಗೆ ಸಾವಿರಗಟ್ಟಲೆ ಕೊಡಲು ಸಿದ್ಧರಾಗಿರುತ್ತಾರೆ. ನಿಮ್ಮ ಪರಿಚಿತರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರಬಹುದು. ಉಳಿದ ಏಳುನೂರು ಜನರಿಗೆ ಏನು ಹೋಯಿತು ಎಂಬುದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟೇ. ಅವರು ಈಗಾಗಲೇ ಹಣ ಕಳುಹಿಸಿ ಮೋಸ ಹೋಗಿದ್ದರೆ ಸಂಕೋಚ ಪಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 'ಉಚಿತ ರೇಸ್ ಮಾಹಿತಿ' ಎಂಬ ಹೆಸರಿನಲ್ಲಿ ವಿದೇಶಿ ಬೆಟ್ಟಿಂಗ್ ತಾಣಗಳಿಗೆ ಎಳೆದುಕೊಂಡು ಹೋಗುವ ಪುಟಗಳು ಬಹಳ ಇವೆ. ಅಂಥ ತಾಣಗಳ ಜಾಹೀರಾತು ಪ್ರಕಟಿಸಬಾರದೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರಲ್ಲೇ ಮಾಧ್ಯಮಗಳಿಗೆ ಸೂಚಿಸಿತ್ತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು ಕಾಯ್ದೆಯನ್ನೇ ತಂದಿತು. ಒಂದು ಪುಟ ತೆರೆದ ಕೂಡಲೇ ನಿಮ್ಮ ಮೊಬೈಲ್ ಸಂಖ್ಯೆ ಕೇಳಿದರೆ, 'ಬೋನಸ್' ಎಂದು ಮಿನುಗಿದರೆ ಅಲ್ಲಿಂದಲೇ ಹಿಂತಿರುಗಿ. ಕುದುರೆಯನ್ನು ತಿಳಿಯಲು ಬಂದವರಿಗೆ ಅಲ್ಲಿ ಏನೂ ಇಲ್ಲ.

ಈಗ ಸಂತೋಷದ ವಿಷಯಕ್ಕೆ ಬರೋಣ. ರೇಸ್ ಬಗ್ಗೆ ತಿಳಿಯಬೇಕಾದ ಮುಕ್ಕಾಲು ಪಾಲು ಸಂಗತಿಗಳನ್ನು ಯಾರೂ ಬಚ್ಚಿಟ್ಟಿಲ್ಲ. ಅವು ಎಲ್ಲರಿಗೂ ತೆರೆದಿವೆ, ಬಹುಪಾಲು ಉಚಿತವಾಗಿ. ನಾನಿರುವ ಚಿತ್ರದುರ್ಗದಿಂದ ಬೆಂಗಳೂರಿನ ರೇಸ್ ಕೋರ್ಸ್ ಸುಮಾರು 200 ಕಿಲೋಮೀಟರ್, ನಿಮ್ಮ ಊರಿನಿಂದ ಇನ್ನೂ 60 ಹೆಚ್ಚು. ಹಿಂದೆಲ್ಲ ಈ ದೂರ ಎಂದರೆ ರೇಸ್‌ನಿಂದಲೇ ದೂರವಾದಂತೆ. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಫಲಿತಾಂಶ ಓದಿ ತೃಪ್ತಿಪಡಬೇಕಿತ್ತು. ಇಂದು ವಿನೋಬನಗರದ ಮನೆಯ ಜಗಲಿಯ ಮೇಲೆ ಕುಳಿತವರಿಗೂ ಸ್ಟ್ಯಾಂಡ್‌ನಲ್ಲಿ ಕುಳಿತವರಿಗೂ ಸಿಗುವ ದಾಖಲೆ ಒಂದೇ. ಓಟಕ್ಕೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕ್‌ನಲ್ಲಿ ಕುದುರೆಯನ್ನು ಹತ್ತಿರದಿಂದ ನೋಡುವ ಸುಖವೊಂದನ್ನು ಮಾತ್ರ ಮೊಬೈಲ್ ಕೊಡಲಾರದು.

ಮೊದಲು ನೋಡಬೇಕಾದದ್ದು ಕ್ಲಬ್‌ಗಳ ಅಧಿಕೃತ ಜಾಲತಾಣಗಳನ್ನು. ಬೆಂಗಳೂರು ಟರ್ಫ್ ಕ್ಲಬ್, ಮೈಸೂರು ರೇಸ್ ಕ್ಲಬ್, ಮುಂಬೈ ಮತ್ತು ಪುಣೆಯ ರೇಸ್ ನಡೆಸುವ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್, ಹೈದರಾಬಾದ್ ರೇಸ್ ಕ್ಲಬ್, 1847ರಷ್ಟು ಹಳೆಯದಾದ ಕೋಲ್ಕತ್ತದ ರಾಯಲ್ ಕಲ್ಕತ್ತಾ ಟರ್ಫ್ ಕ್ಲಬ್, ಇವೆಲ್ಲ ರೇಸ್ ಕಾರ್ಡ್ (ಓಡುವ ಕುದುರೆಗಳ ವಿವರಪಟ್ಟಿ), ಫಲಿತಾಂಶ ಮತ್ತು ಸೂಚನೆಗಳನ್ನು ತಾವೇ ಪ್ರಕಟಿಸುತ್ತವೆ. ಎಲ್ಲ ಕೇಂದ್ರಗಳ ಕಾರ್ಡ್ ಮತ್ತು ಫಲಿತಾಂಶ ಒಂದೇ ಕಡೆ ಬೇಕೆಂದರೆ ಇಂಡಿಯಾರೇಸ್ ಡಾಟ್ ಕಾಮ್ ಇದೆ. ರೇಸ್ ಸುದ್ದಿ ಮತ್ತು ವಿಶ್ಲೇಷಣೆಗೆ ರೇಸಿಂಗ್ ಪಲ್ಸ್ ಇದೆ. ಈ ಎರಡರಲ್ಲೂ ಟಿಪ್ಸ್ ಸಿಗುತ್ತವೆ, ಓದಲು ಅಡ್ಡಿಯಿಲ್ಲ. ಆದರೆ ಮೊದಲು ದಾಖಲೆ ನೋಡಿ ನಿಮ್ಮದೇ ಅಭಿಪ್ರಾಯ ಕಟ್ಟಿಕೊಂಡು, ಆಮೇಲೆ ಅವರದನ್ನು ಓದಿ. ಕ್ರಮ ತಿರುವುಮುರುವಾದರೆ ಬೇರೆಯವರ ಕಣ್ಣಿನಿಂದಲೇ ಕುದುರೆಯನ್ನು ನೋಡುವ ಅಭ್ಯಾಸ ಅಂಟಿಕೊಳ್ಳುತ್ತದೆ.

ರೇಸ್ ಕಾರ್ಡಿನ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಕುದುರೆ ಕಲ್ಪಿತ, ಓದುವ ಕ್ರಮ ನಿಜ. 1,400 ಮೀಟರ್ ಓಟ, ಕುದುರೆಯ ಸಾಮರ್ಥ್ಯ ಸೂಚಿಸುವ ರೇಟಿಂಗ್ 40, ಬೆನ್ನ ಮೇಲೆ ಹೊರಬೇಕಾದ ತೂಕ 54.5 ಕಿಲೊ, ಡ್ರಾ 9, ಶೂ ಕಲಂನಲ್ಲಿ 'ಎ', ಹಿಂದಿನ ಓಟದಲ್ಲಿ ಐದನೇ ಸ್ಥಾನ, ಗೆದ್ದ ಕುದುರೆಗಿಂತ ನಾಲ್ಕೂಮುಕ್ಕಾಲು ಲೆಂತ್ ಹಿಂದೆ. ಟಿಪ್ಸ್ ಕೊಡುವವರು ಈ ಕುದುರೆಯ ಹೆಸರನ್ನೂ ಎತ್ತುವುದಿಲ್ಲ. ಆದರೆ ಸಾಲನ್ನು ಬಿಡಿಸಿ ನೋಡಿ. ಕಳೆದ ಬಾರಿ ಇದರ ರೇಟಿಂಗ್ 44 ಇದ್ದಿದ್ದರೆ, ಈಗ ನಾಲ್ಕು ಅಂಕ ಇಳಿದಿದೆ. ನಮ್ಮಲ್ಲಿ ಹ್ಯಾಂಡಿಕ್ಯಾಪ್ ಓಟದಲ್ಲಿ, ಅಂದರೆ ರೇಟಿಂಗ್‌ಗೆ ತಕ್ಕಂತೆ ತೂಕ ಹೊರಿಸುವ ಓಟದಲ್ಲಿ, ಒಂದು ಅಂಕಕ್ಕೆ ಅರ್ಧ ಕಿಲೊ ಲೆಕ್ಕ, ಬ್ರಿಟನ್ನಿನಲ್ಲಿ ಒಂದು ಪೌಂಡ್. ಅಂದರೆ ಅವೇ ಎದುರಾಳಿಗಳ ಜೊತೆ ಮತ್ತೆ ಓಡಿದರೆ ಬೆನ್ನ ಮೇಲೆ ಎರಡು ಕಿಲೊ ಕಡಿಮೆ. ನಾಲ್ಕೂಮುಕ್ಕಾಲು ಲೆಂತ್ ಎಂದರೆ ದೊಡ್ಡ ಸೋಲಿನಂತೆ ಕೇಳಿಸುತ್ತದೆ. ಒಂದು ಲೆಂತ್, ಅಂದರೆ ಒಂದು ಕುದುರೆಯ ಉದ್ದ, ಸುಮಾರು 2.4 ಮೀಟರ್, ಓಟದ ವೇಗದಲ್ಲಿ ಅದನ್ನು ದಾಟಲು ಸೆಕೆಂಡಿನ ಆರನೇ ಒಂದು ಭಾಗ ಸಾಕು. ಹಾಗಾದರೆ ಆ ಸೋಲು ಒಂದು ಸೆಕೆಂಡಿಗೂ ಕಡಿಮೆ. ಡ್ರಾ 9 ಎಂದರೆ ಒಳರೇಲಿನಿಂದ ದೂರದ ಗೇಟು, ತಿರುವಿನಲ್ಲಿ ಹೊರಗಿನಿಂದ ಸುತ್ತಿ ಬರಬೇಕಾದ ಕಷ್ಟ. ಶೂ ಕಲಂನ 'ಎ' ಅಲ್ಯೂಮಿನಿಯಂ ಲಾಳ, 'ಎಸ್' ಉಕ್ಕಿನ ಲಾಳ. ಅಲ್ಯೂಮಿನಿಯಂ ಹಗುರ. ಜಾಕಿ ಕಲಿಕೆಯ ಹಂತದವನಾಗಿದ್ದರೆ ಅವನಿಗೆ ಸಿಗುವ ತೂಕದ ರಿಯಾಯಿತಿಯೂ ಅದೇ ಸಾಲಿನಲ್ಲಿರುತ್ತದೆ. ಉಪಕರಣದ ಕಲಂನಲ್ಲಿ ಈ ಬಾರಿ ಬ್ಲಿಂಕರ್ಸ್ (ಪಕ್ಕದ ನೋಟ ತಡೆಯುವ ಕಣ್ಣುಪಟ್ಟಿ) ಹೊಸದಾಗಿ ಕಾಣಿಸಿಕೊಂಡಿದ್ದರೆ, ತರಬೇತುದಾರರು ಕುದುರೆಯ ಗಮನದ ಬಗ್ಗೆ ಏನೋ ಯೋಚಿಸಿದ್ದಾರೆ ಎಂದರ್ಥ.

ಕುದುರೆ ರೇಸ್ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದಾಗ ಅದು ಎತ್ತಿ ಹಿಡಿದದ್ದು ಇಂಥದ್ದನ್ನೇ. ಕುದುರೆಯ ವಂಶ, ಹಿಂದಿನ ಓಟ, ತೂಕ, ಜಾಕಿ, ತರಬೇತಿ ಇವನ್ನು ಓದಿ ತೂಗಬಲ್ಲ ತಿಳಿವಳಿಕೆಯನ್ನು. ಹಣ ಕಟ್ಟದವರಿಗೂ ಆ ಕೌಶಲ ಪೂರ್ತಿ ದಕ್ಕುತ್ತದೆ. ಕಟ್ಟಿದವರಿಗೆ ತೆರಿಗೆಯ ಭಾರ ಬೇರೆ: 28 ಪ್ರತಿಶತ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ.

ಕಾರ್ಡ್ ಓದಿದ ಮೇಲೆ ಅದೇ ಕುದುರೆಯ ಹಿಂದಿನ ಓಟದ ವಿಡಿಯೊ ತೆರೆಯಿರಿ. ಕ್ಲಬ್‌ಗಳ ತಾಣಗಳಲ್ಲಿ, ಯೂಟ್ಯೂಬ್‌ನಲ್ಲಿ ಇವು ಸಿಗುತ್ತವೆ. ಮೂರು ಬಾರಿ ನೋಡಿ. ಮೊದಲ ಬಾರಿ ಸಹಜವಾಗಿ ಗೆಲ್ಲುವ ಕುದುರೆಯ ಮೇಲೆಯೇ ಕಣ್ಣು ಹೋಗುತ್ತದೆ, ಹೋಗಲಿ ಬಿಡಿ. ಎರಡನೆಯ ಬಾರಿ ಗೇಟಿನಿಂದ ಕೊನೆಯವರೆಗೆ ನಿಮ್ಮ ಕುದುರೆಯನ್ನು ಬಿಟ್ಟು ಬೇರೇನನ್ನೂ ನೋಡಬೇಡಿ. ಗೇಟಿನಿಂದ ಹೊರಡುವಾಗ ತಡವಾಯಿತೇ? ತಿರುವಿನಲ್ಲಿ ಹೊರಗೆ ತಳ್ಳಲ್ಪಟ್ಟಿತೇ? ಕೊನೆಯ ನೇರ ಹಾದಿಯಾದ ಸ್ಟ್ರೈಟ್‌ನಲ್ಲಿ ದಾರಿ ಸಿಗದೆ ಜಾಕಿ ಲಗಾಮು ಎಳೆದು ಹಿಡಿಯಬೇಕಾಯಿತೇ? ಮೂರನೆಯ ಬಾರಿ ಕೊನೆಯ 400 ಮೀಟರ್ ಮಾತ್ರ, ಅದರಲ್ಲೂ ಜಾಕಿಯ ಕೈಗಳನ್ನು ಮಾತ್ರ ನೋಡಿ. ಕೈ ಅಲ್ಲಾಡದೆಯೇ ಕುದುರೆ ಮುನ್ನುಗ್ಗುತ್ತಿದೆಯೋ, ಎಷ್ಟು ತಳ್ಳಿದರೂ ಹೆಜ್ಜೆ ಹಿಗ್ಗುತ್ತಿಲ್ಲವೋ ಎಂಬುದು ಅಲ್ಲಿ ಕಾಣುತ್ತದೆ. ಐದನೆಯ ಸ್ಥಾನ ಎಂಬ ಅಂಕಿಯೊಳಗೆ ಎಷ್ಟು ಕತೆ ಅಡಗಿರುತ್ತದೆ ಎಂಬುದು ಈ ಮೂರನೆಯ ನೋಟದಲ್ಲಿ ಬಿಚ್ಚಿಕೊಳ್ಳುತ್ತದೆ.

ಇದರ ಜೊತೆಗೇ ಓದಬೇಕಾದದ್ದು ಸ್ಟೀವರ್ಡ್‌ಗಳ, ಅಂದರೆ ಓಟದಲ್ಲಿ ನಿಯಮ ಪಾಲನೆ ನೋಡುವ ಅಧಿಕಾರಿಗಳ, ವರದಿ. ಅಭಿಮಾನಿಗಳು ಅತಿ ಕಡಿಮೆ ತೆರೆಯುವ ಪುಟ ಇದು, ನನ್ನ ಲೆಕ್ಕದಲ್ಲಿ ಅತಿ ಬೆಲೆಯುಳ್ಳದ್ದೂ ಇದೇ. ಓಟದಲ್ಲಿ ಯಾರು ಯಾರಿಗೆ ಅಡ್ಡ ಬಂದರು, ಯಾವ ಕುದುರೆಯ ಮೂಗಿನಲ್ಲಿ ರಕ್ತ ಬಂದಿತು, ಯಾವುದು ಕುಂಟುತ್ತಾ ಹಿಂತಿರುಗಿತು, ನಿರೀಕ್ಷೆಗಿಂತ ಕೆಟ್ಟದಾಗಿ ಓಡಿದ್ದಕ್ಕೆ ತರಬೇತುದಾರರು ಕೊಟ್ಟ ವಿವರಣೆ ಏನು, ಯಾವ ಜಾಕಿಗೆ ದಂಡ ಅಥವಾ ಅಮಾನತು ಬಿತ್ತು ಎಂಬುದೆಲ್ಲ ಅಲ್ಲಿ ಒಣ ಭಾಷೆಯಲ್ಲಿ ದಾಖಲಾಗಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನವರು 'ಒಳಗಿನ ಸುದ್ದಿ' ಎಂದು ಮಾರುವುದರಲ್ಲಿ ಏನಾದರೂ ಹುರುಳಿದ್ದರೆ, ಅದು ಇಲ್ಲಿ ಕಾಸಿಲ್ಲದೆ ಸಿಗುತ್ತದೆ. ನಮ್ಮ ಕ್ಲಬ್‌ಗಳ ವರದಿಗಳು ಚುಟುಕಾಗಿರುತ್ತವೆ, ಇನ್ನಷ್ಟು ವಿವರವಾಗಿರಬೇಕು ಎಂಬುದು ನನ್ನ ಬಹುಕಾಲದ ಆಗ್ರಹ. ಸಾರ್ವಜನಿಕರ ವಿಶ್ವಾಸ ನಿಲ್ಲುವುದು ಇಂಥ ಬರಹದ ಮೇಲೆಯೇ.

ಬೆಳಗಿನ ತಾಲೀಮಿನ ವರದಿಯನ್ನೂ ಬಿಡಬೇಡಿ. 'ದಿ ಹಿಂದೂ' ಪತ್ರಿಕೆ ಬೆಂಗಳೂರಿನ ಟ್ರ್ಯಾಕ್ ವರ್ಕ್ ವರದಿಗಳನ್ನು ಪ್ರಕಟಿಸುತ್ತಾ ಬಂದಿದೆ, ಅದರ ಜಾಲತಾಣದಲ್ಲೂ ಸಿಗುತ್ತವೆ. ಮೊದಲ ಬಾರಿ ಓದಿದವರಿಗೆ ಅದು ರಹಸ್ಯ ಲಿಪಿಯಂತೆ ಕಾಣುತ್ತದೆ. 'ಔಟರ್ ಸ್ಯಾಂಡ್, 1000 ಮೀ: 1-14, 600/42' ಎಂದಿದ್ದರೆ ಹೊರಗಿನ ಮರಳು ಟ್ರ್ಯಾಕ್‌ನಲ್ಲಿ ಸಾವಿರ ಮೀಟರನ್ನು 1 ನಿಮಿಷ 14 ಸೆಕೆಂಡಿನಲ್ಲಿ, ಅದರಲ್ಲಿ ಕೊನೆಯ 600 ಮೀಟರನ್ನು 42 ಸೆಕೆಂಡಿನಲ್ಲಿ ಓಡಿತು ಎಂದು ತಿಳಿಯಿರಿ. ಹೆಸರಿನ ಮುಂದೆ 'ಆರ್‌ಬಿ' ಎಂದಿದ್ದರೆ ಕುದುರೆಯ ಮೇಲಿದ್ದದ್ದು ಜಾಕಿಯಲ್ಲ, ತಾಲೀಮಿನಲ್ಲಿ ಓಡಿಸುವ ರೈಡಿಂಗ್ ಬಾಯ್. ಅಂಕಿಗಿಂತ ಅದರ ಪಕ್ಕದ ಒಂದೆರಡು ಪದಗಳೇ ಮುಖ್ಯ: 'ಈಸಿ' ಎಂದರೆ ಸಲೀಸಾಗಿ ಬಂತು, 'ಅರ್ಜ್ಡ್' ಎಂದರೆ ಸವಾರ ಒತ್ತಾಯಿಸಬೇಕಾಯಿತು. 42 ಸೆಕೆಂಡ್ ಎರಡಕ್ಕೂ ಒಂದೇ, ಕುದುರೆಯ ಸ್ಥಿತಿ ಒಂದೇ ಅಲ್ಲ. ಒಂದೇ ಕುದುರೆಯ ವರದಿಯನ್ನು ವಾರ ವಾರ ಅನುಸರಿಸಿದರೆ ಮಾತ್ರ ಇದರ ಪ್ರಯೋಜನ.

ಇನ್ನು ವಂಶಾವಳಿ. ಭಾರತದಲ್ಲಿ ಹುಟ್ಟುವ ಥರೋಬ್ರೆಡ್ (ರೇಸ್ ತಳಿಯ) ಕುದುರೆಗಳ ಅಧಿಕೃತ ದಾಖಲೆಯನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರ ಇಡುತ್ತದೆ. ಅದರ ಇಂಡಿಯನ್ ಸ್ಟಡ್ ಬುಕ್ ಜಾಲತಾಣದಲ್ಲಿ ಕುದುರೆಯ ಹೆಸರು ಹಾಕಿದರೆ ತಂದೆ, ತಾಯಿ, ಹುಟ್ಟಿದ ವರ್ಷ, ತಾಯಿಯ ಬೇರೆ ಮರಿಗಳು ತೆರೆದುಕೊಳ್ಳುತ್ತವೆ. ಹಳೆಯ ಕುದುರೆಯನ್ನು ಹುಡುಕುವಾಗ ಒಂದು ಎಚ್ಚರ ಇರಲಿ: ರೇಸ್ ಕುದುರೆಗಳ ಹೆಸರುಗಳು ಕೆಲವು ವರ್ಷಗಳ ನಂತರ ಮತ್ತೆ ಬಳಕೆಗೆ ಬರುತ್ತವೆ. ನೀವು ಮೂವತ್ತು ವರ್ಷಗಳ ಹಿಂದೆ ಕಣ್ತುಂಬ ನೋಡಿದ ಹೆಣ್ಣು ಕುದುರೆಯ ಹೆಸರನ್ನೇ ಬೇರೊಂದು ಗಂಡು ಕುದುರೆ ಈಗ ಹೊತ್ತಿರಬಹುದು. ಆದ್ದರಿಂದ ಹೆಸರಿನ ಜೊತೆ ಹುಟ್ಟಿದ ವರ್ಷವನ್ನೂ ತಂದೆಯ ಹೆಸರನ್ನೂ ಹೊಂದಿಸಿ ನೋಡಿ. ವರ್ಷ ನೆನಪಿಲ್ಲದಿದ್ದರೆ ಅಂದಾಜು ಮಾಡಬಹುದು: ನಮ್ಮಲ್ಲಿ ರೇಸ್ ಕುದುರೆಗಳ ವಯಸ್ಸು ಜನವರಿ 1ಕ್ಕೆ ಏರುತ್ತದೆ, ಇಂಡಿಯನ್ ಡರ್ಬಿ ಎಂಬ ಪ್ರತಿಷ್ಠಿತ ಓಟದಲ್ಲಿ ಓಡುವುದು ನಾಲ್ಕು ವರ್ಷದ ಕುದುರೆಗಳು. ಆ ಕುದುರೆಯನ್ನು ಫೆಬ್ರುವರಿಯ ಆ ಡರ್ಬಿಯಲ್ಲಿ ನೋಡಿದ್ದರೆ ಆ ವರ್ಷದಿಂದ ನಾಲ್ಕು ಕಳೆಯಿರಿ.

'ಪೆಡಿಗ್ರೀ ಕ್ವೆರಿ' ಎಂಬ ಇನ್ನೊಂದು ತಾಣವಿದೆ. ಜಗತ್ತಿನ ಯಾವ ಕುದುರೆಯ ಹೆಸರು ಹಾಕಿದರೂ ಐದು ತಲೆಮಾರಿನ ಮರ ಕಣ್ಣ ಮುಂದೆ ನಿಲ್ಲುತ್ತದೆ, ನೋಡಲು ಬಹಳ ಚೆಂದ. ಆದರೆ ಅಲ್ಲಿನ ಮಾಹಿತಿಯನ್ನು ಬಳಕೆದಾರರೇ ತುಂಬುವುದರಿಂದ ತಪ್ಪುಗಳು ಇರುತ್ತವೆ. ಅಲ್ಲಿ ಸಿಕ್ಕ ಭಾರತೀಯ ಕುದುರೆಯ ವಿವರವನ್ನು ಸ್ಟಡ್ ಬುಕ್‌ನಲ್ಲಿ ತಾಳೆ ನೋಡದೆ ನಂಬಬೇಡಿ. ಯಾವ ಥರೋಬ್ರೆಡ್ ಕುದುರೆಯಿಂದ ಹಿಂದಕ್ಕೆ ಹೋದರೂ ಗಂಡು ಸಾಲು ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬಯರ್ಲಿ ಟರ್ಕ್ ಎಂಬ ಮೂರು ಮೂಲ ಗಂಡು ಕುದುರೆಗಳಲ್ಲಿ ಒಂದಕ್ಕೆ ಸೇರುತ್ತದೆ. ನೀವು ಬೆಂಗಳೂರಿನಲ್ಲಿ ನೋಡಿದ ಕುದುರೆ ಯಾವುದಕ್ಕೆ ಸೇರುತ್ತದೆ ಎಂದು ಹುಡುಕಿ, ಒಂದು ಸಂಜೆ ಸರಿದದ್ದೇ ತಿಳಿಯುವುದಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪುವಿನ ಕಾಲದಿಂದ ಕುದುರೆಗಳನ್ನು ಸಾಕಿದ ನೆಲ. ಅಲ್ಲಿ ಹುಟ್ಟಿದ ಕುದುರೆಗಳ ಸಾಲನ್ನು ಬೆನ್ನುಹತ್ತುವುದು ನಮ್ಮ ಕಡೆಯವರಿಗೆ ವಿಶೇಷ ಹಿಗ್ಗಿನ ಕೆಲಸ.

ಇತಿಹಾಸದ ರುಚಿ ಇದ್ದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ತಾಣವನ್ನು ನೋಡಲೇಬೇಕು. ಹಳೆಯ ಪತ್ರಿಕೆಗಳನ್ನು ಪುಟ ಪುಟವಾಗಿ, ಉಚಿತವಾಗಿ ಓದಬಹುದು. 1861ರ ಮೊದಲ ಮೆಲ್ಬರ್ನ್ ಕಪ್‌ನ ವರದಿಯೂ ಇದೆ, 1930ರಲ್ಲಿ ಫಾರ್ ಲ್ಯಾಪ್ ಎಂಬ ಕುದುರೆ ಅದನ್ನು ಗೆದ್ದ ಸುದ್ದಿಯೂ ಇದೆ. ಬ್ರಿಟಿಷರ ಸೈನ್ಯಕ್ಕಾಗಿ 'ವೇಲರ್' ಕುದುರೆಗಳನ್ನು ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಭಾರತಕ್ಕೆ ಕಳುಹಿಸುತ್ತಿದ್ದ ವ್ಯಾಪಾರದ ಸುದ್ದಿಗಳೂ ಸಿಗುತ್ತವೆ.

ಹೊರದೇಶದ ರೇಸ್‌ಗಳ ವಿಷಯದಲ್ಲಿ ನನ್ನ ಆಯ್ಕೆ ಸ್ಪಷ್ಟ: ಹಾಂಕಾಂಗ್ ಜಾಕಿ ಕ್ಲಬ್. ಅಭಿಮಾನಿಗೆ ಕೊಡುವ ಗೌರವ ಎಂದರೆ ಏನು ಎಂಬುದನ್ನು ಆ ತಾಣ ತೋರಿಸುತ್ತದೆ. ಒಂದು ಕುದುರೆಯ ಹೆಸರು ಒತ್ತಿದರೆ ಅದರ ಎಲ್ಲ ಓಟಗಳು, ರೇಟಿಂಗ್ ಏರಿಳಿತ, ಬೆಳಗಿನ ತಾಲೀಮಿನ ದಾಖಲೆ, ಪಶುವೈದ್ಯರ ದಾಖಲೆ, ಓಟಗಳ ವಿಡಿಯೊ, ಭಾಗಭಾಗವಾಗಿ ಅಳೆದ ಸಮಯ ಎಲ್ಲವೂ ಬರುತ್ತವೆ. ಪ್ರತಿ ಓಟದ ನಂತರ ಒಂದೊಂದು ಕುದುರೆಗೆ ಏನಾಯಿತು ಎಂಬ ವರದಿ ಬೇರೆ. ಮೇಲೆ ಹೇಳಿದ ಮೂರು ನೋಟದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ: ಮೊದಲು ವಿಡಿಯೊ ನೋಡಿ ಕಂಡದ್ದನ್ನು ಬರೆದಿಡಿ, ಆಮೇಲೆ ಅವರ ವರದಿಯೊಡನೆ ಹೋಲಿಸಿ.

ಬ್ರಿಟನ್ನಿನ ಕುದುರೆಗಳ ಅಧಿಕೃತ ರೇಟಿಂಗ್ ಅಲ್ಲಿನ ಹಾರ್ಸ್‌ರೇಸಿಂಗ್ ಅಥಾರಿಟಿಯ ತಾಣದಲ್ಲಿದೆ. ರೇಸಿಂಗ್ ಪೋಸ್ಟ್‌ನಲ್ಲಿ ಕಾರ್ಡ್, ಫಲಿತಾಂಶ ಉಚಿತ, ಆಳದ ಬರಹಗಳಿಗೆ ಚಂದಾ. ನಿಮಗೆ ಆ ಚಂದಾ ಬೇಕಿಲ್ಲ. ಅಮೆರಿಕದ ಫಲಿತಾಂಶಗಳ ಅಧಿಕೃತ ದಾಖಲೆ ಈಕ್ವಿಬೇಸ್‌ನಲ್ಲಿದೆ. ದೇಶದೇಶಗಳ ಶ್ರೇಷ್ಠ ಕುದುರೆಗಳ ಶ್ರೇಯಾಂಕವನ್ನು ಅಂತರರಾಷ್ಟ್ರೀಯ ಒಕ್ಕೂಟ ತನ್ನ ತಾಣದಲ್ಲಿ ಪ್ರಕಟಿಸುತ್ತದೆ.

ಅಧಿಕೃತ ದಾಖಲೆಯನ್ನು ಇಷ್ಟು ಹೊಗಳಿದ್ದೇನೆ, ಅದೂ ತಪ್ಪಬಹುದು ಎಂಬುದನ್ನೂ ಹೇಳಬೇಕು. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಮಹಾನ್ ಕುದುರೆ ಬೆಲ್ಮಾಂಟ್ ಓಟವನ್ನು 31 ಲೆಂತ್ ಅಂತರದಿಂದ, 2 ನಿಮಿಷ 24 ಸೆಕೆಂಡಿನಲ್ಲಿ ಗೆದ್ದಿತು. ಆ ವಿಡಿಯೊವನ್ನು ನೀವು ನೋಡಿರದಿದ್ದರೆ ಇಂದೇ ನೋಡಿ. ಅದೇ ವರ್ಷ ಅದು ಗೆದ್ದ ಪ್ರೀಕ್‌ನೆಸ್ ಓಟದಲ್ಲಿ ಗಡಿಯಾರ ಕೈಕೊಟ್ಟಿತ್ತು. ಅಧಿಕೃತ ಸಮಯದ ಬಗ್ಗೆ ದಶಕಗಳ ಕಾಲ ತಕರಾರು ನಡೆಯಿತು. ಕೊನೆಗೆ 2012ರಲ್ಲಿ ಹಳೆಯ ವಿಡಿಯೊಗಳನ್ನು ಹೊಸ ತಂತ್ರಜ್ಞಾನದಿಂದ ಪರಿಶೀಲಿಸಿ 1 ನಿಮಿಷ 53 ಸೆಕೆಂಡ್ ಎಂದು ತಿದ್ದಿದರು. ಆ ಓಟದ ದಾಖಲೆ ಸಮಯ ಈಗ ಅದೇ. ಆದ್ದರಿಂದಲೇ ಕಾಗದದ ಅಂಕಿ ಮತ್ತು ವಿಡಿಯೊ ಎರಡನ್ನೂ ಜೊತೆಗಿಟ್ಟು ನೋಡಿ ಎಂದು ಒತ್ತಿ ಹೇಳುತ್ತಿದ್ದೇನೆ.

ಇವೆಲ್ಲ ಇಂಗ್ಲಿಷಿನಲ್ಲಿವೆ. ಬೆಂಗಳೂರು, ಮೈಸೂರು ಎರಡು ಕಡೆಯೂ ರೇಸ್ ನಡೆಯುವ ನಾಡಿನಲ್ಲಿ ಕುದುರೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಇಷ್ಟು ಕಡಿಮೆ ಇರುವುದು ನನಗೆ ನೋವಿನ ಸಂಗತಿ. ಆದರೆ ಈ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಕೆಲವೇ, ಅವೂ ನೀವು ರೇಸ್ ಕೋರ್ಸ್‌ನಲ್ಲಿ ಕೇಳಿ ಪರಿಚಯವಿರುವ ಪದಗಳೇ. ಹಾಗಾಗಿ ಭಾಷೆಗೆ ಅಂಜಬೇಕಾಗಿಲ್ಲ.

ಕೊನೆಯದಾಗಿ ಸಮಯದ ಲೆಕ್ಕ. ಹಾಂಕಾಂಗ್ ನಮಗಿಂತ ಎರಡೂವರೆ ಗಂಟೆ ಮುಂದೆ. ಹ್ಯಾಪಿ ವ್ಯಾಲಿಯಲ್ಲಿ ಬುಧವಾರ ರಾತ್ರಿ ನಡೆಯುವ ಓಟಗಳು ನಮಗೆ ಸಂಜೆಯ ಚಹಾ ಹೊತ್ತಿಗೇ ಶುರುವಾಗುತ್ತವೆ, ಶಾ ಟಿನ್‌ನ ಭಾನುವಾರದ ಓಟಗಳು ಬೆಳಿಗ್ಗೆ ತಿಂಡಿಯ ನಂತರ. ಬ್ರಿಟನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಜೂನ್‌ನ ರಾಯಲ್ ಆ್ಯಸ್ಕಾಟ್‌ನಲ್ಲಿ ಅಲ್ಲಿನ ಮಧ್ಯಾಹ್ನ 2.30ರ ಮೊದಲ ಓಟ ನಮಗೆ ಸಂಜೆ 7ಕ್ಕೆ. ಮೆಲ್ಬರ್ನ್ ಕಪ್ ನವೆಂಬರ್ ತಿಂಗಳ ಮೊದಲ ಮಂಗಳವಾರ, ಅಲ್ಲಿ ಮಧ್ಯಾಹ್ನ 3 ಗಂಟೆ, ನಮಗೆ ಬೆಳಿಗ್ಗೆ 9.30. ನಮ್ಮಲ್ಲಿ ಬೇಸಿಗೆಯ ಬೆಂಗಳೂರು ಡರ್ಬಿ ಜುಲೈನಲ್ಲಿ, ಮೈಸೂರು ಡರ್ಬಿ ಅಕ್ಟೋಬರ್‌ನಲ್ಲಿ, ಮುಂಬೈಯ ಮಹಾಲಕ್ಷ್ಮಿಯಲ್ಲಿ 2,400 ಮೀಟರಿನ ಇಂಡಿಯನ್ ಡರ್ಬಿ ಫೆಬ್ರುವರಿಯ ಮೊದಲ ಭಾನುವಾರ ನಡೆಯುವುದು ವಾಡಿಕೆ. ನಿಖರ ದಿನವನ್ನು ಆಯಾ ಕ್ಲಬ್‌ನ ತಾಣದಲ್ಲಿ ನೋಡಿಕೊಳ್ಳಿ.